ಎರಡು ರೂಪಾಯಿ ನಾಣ್ಯಕ್ಕೆ ನಾಲ್ಕೂವರೆ ಸಾವಿರ: ಮುಂಬಯಿಯ ನಾಣ್ಯ ವ್ಯಾಪಾರಿಗಳಿಗೆ ಒಂದು ಬಹಿರಂಗ ಪತ್ರ

ಮುಂಬಯಿಯಲ್ಲಿ ನಾಣ್ಯ ಮಾರುವ, ನಾಣ್ಯ ಪ್ರದರ್ಶನ ನಡೆಸುವ, ಕನ್ನಡದಲ್ಲಿ ನಾಣ್ಯದ ವಿಡಿಯೊ ಮಾಡುವ ಎಲ್ಲ ಬಂಧುಗಳಿಗೆ,

ನಮಸ್ಕಾರ.

ನಾನು ಮಾಟುಂಗಾದ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂರುವವನು. 1984ರಲ್ಲಿ ಕುಂದಾಪುರ ಕಡೆಯಿಂದ ಬಂದೆ. ಕಪ್ಪು ಬಸಿ ತೊಳೆದೆ, ಟೇಬಲ್ ಒರೆಸಿದೆ, ಕನ್ನಡ ರಾತ್ರಿ ಶಾಲೆಯಲ್ಲಿ ಹತ್ತನೇ ಕ್ಲಾಸು ಮುಗಿಸಿದೆ. 1993ರಿಂದ ಗಲ್ಲಾ ನೋಡಿಕೊಳ್ಳುತ್ತಿದ್ದೇನೆ. ಈಗ ಎಲ್ಲರೂ ಫೋನಿನಲ್ಲೇ ದುಡ್ಡು ಕೊಡುತ್ತಾರೆ, ಚಿಲ್ಲರೆ ಕಮ್ಮಿಯಾಗಿದೆ. ಆದರೆ ಮೊದಲು ಹಾಗಿರಲಿಲ್ಲ. ರಾತ್ರಿ ಶಟರ್ ಎಳೆದ ಮೇಲೆ ಗಲ್ಲಾದ ಚಿಲ್ಲರೆಯನ್ನೆಲ್ಲ ಮೇಜಿನ ಮೇಲೆ ಸುರಿದು, ಒಂದು, ಎರಡು, ಐದು ಅಂತ ಬೇರೆ ಮಾಡಿ, ನೂರು ನೂರರ ಪೊಟ್ಟಣ ಕಟ್ಟಿ ಇಟ್ಟೇ ಮಲಗುತ್ತಿದ್ದೆ. ನನಗೆ ನಾಣ್ಯದ ಹವ್ಯಾಸ ಹತ್ತಿದ್ದು ಅಲ್ಲೇ. ಒಂದೇ ವರ್ಷದ ಎರಡು ನಾಣ್ಯದಲ್ಲಿ ಒಂದಕ್ಕೆ ಇಸವಿಯ ಕೆಳಗೆ ವಜ್ರದ ಗುರುತು, ಇನ್ನೊಂದಕ್ಕೆ ನಕ್ಷತ್ರ, ಮತ್ತೊಂದಕ್ಕೆ ಬರೀ ಚುಕ್ಕಿ, ಇನ್ನೊಂದಕ್ಕೆ ಏನೂ ಇಲ್ಲ. ಯಾಕೆ ಹೀಗೆ ಅಂತ ಕೇಳುತ್ತಾ ಹೋದೆ. ವಜ್ರ ನಮ್ಮ ಮುಂಬಯಿ ಟಂಕಸಾಲೆಯದು, ನಕ್ಷತ್ರ ಹೈದರಾಬಾದಿನದು, ಚುಕ್ಕಿ ನೊಯ್ಡಾದ್ದು, ಗುರುತೇ ಇಲ್ಲದ್ದು ಕೋಲ್ಕತ್ತಾದ್ದು ಅಂತ ಹೇಳಿಕೊಟ್ಟವರು ಫೋರ್ಟಿನ ಫುಟ್‌ಪಾತಿನಲ್ಲಿ ಹಳೇ ನಾಣ್ಯ ಹರಡಿಕೊಂಡು ಕೂರುತ್ತಿದ್ದ ಒಬ್ಬ ಮುದುಕರು. ಅವರು ನನಗೆ ಅಂದು ಏನನ್ನೂ ಮಾರಲಿಲ್ಲ. ಸುಮ್ನೆ ಹೇಳಿಕೊಟ್ಟರು. ಅವರೂ ನಿಮ್ಮ ಹಾಗೆ ವ್ಯಾಪಾರಿಯೇ. ಅದಕ್ಕೇ ಈ ಪತ್ರವನ್ನು ನಿಮಗೆ ಬರೆಯುವ ಧೈರ್ಯ ಮಾಡಿದ್ದೇನೆ.

ಈಗ ವಿಷಯಕ್ಕೆ ಬರುತ್ತೇನೆ.

ನಮ್ಮ ಹೋಟೆಲಿನಲ್ಲಿ ಬೈಂದೂರು ಕಡೆಯ ಒಬ್ಬ ಹುಡುಗ ಇದ್ದಾನೆ. ಇಪ್ಪತ್ತೆರಡು ವರ್ಷ. ತಿಂಡಿ ಟೇಬಲ್ ನೋಡಿಕೊಳ್ಳುತ್ತಾನೆ. ನಾನು ನಾಣ್ಯ ನೋಡುವುದನ್ನು ನೋಡಿ ನೋಡಿ ಅವನಿಗೂ ಆಸೆ ಹುಟ್ಟಿತು, ಅದು ನನ್ನಿಂದಲೇ ಆದದ್ದು. ಕಳೆದ ಚಳಿಗಾಲದಲ್ಲಿ ರಜೆಯ ದಿನ ದಕ್ಷಿಣ ಮುಂಬಯಿಯಲ್ಲಿ ನಡೆದ ಒಂದು ನಾಣ್ಯ ಪ್ರದರ್ಶನಕ್ಕೆ ಹೋದ. ಮರುದಿನ ಮಧ್ಯಾಹ್ನ ಊಟದ ಗಿರಾಕಿ ಇಳಿದ ಮೇಲೆ, ಮೂರೂವರೆ ಹೊತ್ತಿಗೆ, ಗಲ್ಲಾದ ಹತ್ತಿರ ಬಂದು ಜೇಬಿನಿಂದ ಕರವಸ್ತ್ರದ ಗಂಟು ತೆಗೆದ. ಗಂಟಿನ ಒಳಗೆ ರಟ್ಟಿನ ಹೋಲ್ಡರು, ನಾಲ್ಕು ಕಡೆ ಪಿನ್ ಹೊಡೆದದ್ದು, ಅದರೊಳಗೆ ಒಂದು ಎರಡು ರೂಪಾಯಿ. ಎರಡು ಬೆರಳಿನ ಹಸ್ತಮುದ್ರೆ ಇರುವ ಸ್ಟೀಲಿನ ನಾಣ್ಯ, 2009ರದು. ರಟ್ಟಿನ ಮೇಲೆ ಕೆಂಪು ಪೆನ್ನಿನಲ್ಲಿ 'ಡಬಲ್ ಡೈ, ಆರ್ ಆರ್ ಆರ್' ಅಂತ ಇಂಗ್ಲಿಷಿನಲ್ಲಿ ಬರೆದಿತ್ತು. ಆರ್ ಆರ್ ಆರ್ ಅಂದರೆ ಅತಿ ಅಪರೂಪ ಅಂತ.

"ಇದ್ ಕಾಣಿ ಅಣ್ಣ, ಸಿಕ್ಕುದೇ ಇಲ್ಲ ಅಂಬ್ರ್" ಅಂದ.

ಎಷ್ಟು ಕೊಟ್ಟೆ ಅಂತ ಕೇಳಿದೆ. ನಾಲ್ಕೂವರೆ ಸಾವಿರ. ಆರು ಸಾವಿರ ಹೇಳಿದ್ದರಂತೆ, ನಮ್ಮ ಊರಿನವನು ಅಂತ ಗೊತ್ತಾಗಿ ಕಮ್ಮಿ ಮಾಡಿದರಂತೆ. ಎರಡು ವರ್ಷ ಇಟ್ಟುಕೊಂಡರೆ ಇಪ್ಪತ್ತು ಸಾವಿರಕ್ಕೆ ಹೋಗುತ್ತದೆ ಅಂತಲೂ ಹೇಳಿದ್ದರಂತೆ. ಅಂದರೆ ಮಾರಿದವರು ಕನ್ನಡದವರು. ಈ ಪತ್ರ ಕನ್ನಡದಲ್ಲಿ ಇರುವುದಕ್ಕೆ ಅದೂ ಒಂದು ಕಾರಣ. ಆ ಅಂಗಡಿಯ ಹೆಸರನ್ನು ನಾನು ಬರೆಯುವುದಿಲ್ಲ. ಓದಿದರೆ ಅವರಿಗೆ ಗೊತ್ತಾಗುತ್ತದೆ.

ನಾನು ಗಲ್ಲಾದ ಕೆಳಗಿನ ಖಾನೆಯಿಂದ ಲೆನ್ಸ್ ತೆಗೆದು ಟ್ಯೂಬ್‌ಲೈಟಿನ ಕೆಳಗೆ ನೋಡಿದೆ. 'ಇಂಡಿಯಾ' ಅನ್ನುವ ಇಂಗ್ಲಿಷ್ ಅಕ್ಷರಗಳ ಬಲಗಡೆ ಇನ್ನೊಂದು ಅಂಚು ಇತ್ತು, ಅದು ನಿಜ. ಆದರೆ ಆ ಅಂಚು ಚಪ್ಪಟೆ. ಮೆಟ್ಟಿಲಿನ ಹಾಗೆ, ಯಾರೋ ಅಕ್ಷರದ ಒಂದು ಪಕ್ಕವನ್ನು ಒತ್ತಿ ತಳ್ಳಿದ ಹಾಗೆ. ಅಕ್ಷರ ದಪ್ಪ ಆಗಿರಲಿಲ್ಲ, ಬದಲಿಗೆ ತೆಳ್ಳಗಾಗಿತ್ತು. ನಿಮಗೆಲ್ಲ ಇದು ಚೆನ್ನಾಗಿ ಗೊತ್ತು, ನನಗಿಂತ ಚೆನ್ನಾಗಿ ಗೊತ್ತು. ಇದು ಮೆಷಿನ್ ಡಬ್ಲಿಂಗ್. ಡಬಲ್ ಡೈ ಅಲ್ಲ.

ನಾಣ್ಯದ ಹವ್ಯಾಸಕ್ಕೆ ಹೊಸಬರಾದವರೂ ಈ ಪತ್ರ ಓದಲಿ ಅಂತ ನನ್ನ ಆಸೆ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮ ಹೋಟೆಲಿನ ಬಿಲ್ಲಿನ ಮೇಲೆ ರಬ್ಬರ್ ಮೊಹರು ಒತ್ತುತ್ತೇವಲ್ಲ, ಒತ್ತುವಾಗ ಕೈ ಸ್ವಲ್ಪ ಜಾರಿದರೆ ಅಕ್ಷರದ ಪಕ್ಕ ಶಾಯಿ ಎಳೆದುಕೊಳ್ಳುತ್ತದೆ. ಮೊಹರಿನಲ್ಲಿ ಏನೂ ತಪ್ಪಿಲ್ಲ. ಮುಂದಿನ ಬಿಲ್ಲಿಗೆ ಸರಿಯಾಗಿಯೇ ಬೀಳುತ್ತದೆ. ಟಂಕಸಾಲೆಯ ಪ್ರೆಸ್ಸಿನಲ್ಲಿ ಅಚ್ಚು, ಅಂದರೆ ಡೈ, ಸ್ವಲ್ಪ ಸಡಿಲವಾಗಿದ್ದರೆ, ನಾಣ್ಯಕ್ಕೆ ಬಡಿದ ಕ್ಷಣದಲ್ಲೇ ಕೂದಲಷ್ಟು ಅಲುಗಿ ಅಕ್ಷರದ ಪಕ್ಕವನ್ನು ಉಜ್ಜಿಬಿಡುತ್ತದೆ. ಅದೇ ಮೆಷಿನ್ ಡಬ್ಲಿಂಗ್. ಇದು ಜಗತ್ತಿನ ಎಲ್ಲ ಟಂಕಸಾಲೆಗಳಲ್ಲೂ ಆಗುತ್ತದೆ, ಆಗುತ್ತಲೇ ಇರುತ್ತದೆ. ಡಬಲ್ ಡೈ ಬೇರೆ. ಅಲ್ಲಿ ಮೊಹರನ್ನು ಕೆತ್ತುವಾಗಲೇ ಎರಡು ಸಲ ಕೆತ್ತಿದ ಹಾಗೆ, ಅಚ್ಚಿನ ಮೇಲೆಯೇ ಅಕ್ಷರ ಎರಡು ಸಲ ಮೂಡಿರುತ್ತದೆ. ಆ ಅಚ್ಚಿನಿಂದ ಬಂದ ಪ್ರತಿಯೊಂದು ನಾಣ್ಯದಲ್ಲೂ ಅದೇ ಜಾಗದಲ್ಲಿ, ಅದೇ ರೀತಿ ಕಾಣುತ್ತದೆ. ಎರಡನೇ ಅಕ್ಷರವೂ ಉಬ್ಬಿಯೇ ಇರುತ್ತದೆ, ಮೂಲೆಗಳು ಸೀಳಿದ ಹಾಗಿರುತ್ತವೆ. ಅಮೆರಿಕದ 1955ರ ಒಂದು ಸೆಂಟಿನ ಡಬಲ್ ಡೈ ಅಷ್ಟು ಹೆಸರಾದದ್ದು ಅದಕ್ಕೇ, ಇಸವಿ ಮತ್ತು ಅಕ್ಷರ ಎರಡೆರಡಾಗಿರುವುದು ಬರಿಗಣ್ಣಿಗೇ ಕಾಣುತ್ತದೆ.

ಹುಡುಗನಿಗೆ ಬರೀ ಬಾಯಿಮಾತಿನಲ್ಲಿ ಹೇಳಿದರೆ ಸಾಲದು ಅಂತ ನಾನು ಒಂದು ಕೆಲಸ ಮಾಡಿದೆ. ಅಂದಿನಿಂದ ಮೂರು ವಾರ ಗಲ್ಲಾಕ್ಕೆ ಬಂದ ಎರಡು ರೂಪಾಯಿಗಳನ್ನು ಬ್ಯಾಂಕಿಗೆ ಕಳಿಸಲಿಲ್ಲ. ದಿನಾ ಮಧ್ಯಾಹ್ನ ಅವನನ್ನೇ ಕೂರಿಸಿ ಲೆನ್ಸ್ ಕೊಟ್ಟು ನೋಡಿಸಿದೆ. ಅದೇ ಹಸ್ತಮುದ್ರೆಯ ನಾಣ್ಯಗಳಲ್ಲಿ, ಬೇರೆ ಬೇರೆ ವರ್ಷದವು, ಹಾಗೇ ಚಪ್ಪಟೆ ಅಂಚು ಇರುವ ಏಳು ನಾಣ್ಯ ಸಿಕ್ಕವು. ಏಳು! ಒಂದೇ ಹೋಟೆಲಿನ ಗಲ್ಲಾದಲ್ಲಿ, ಮೂರು ವಾರದಲ್ಲಿ. ಏಳನೆಯದು ಸಿಕ್ಕಾಗ ಅವನು ಏನೂ ಹೇಳಲಿಲ್ಲ. ನಾಣ್ಯವನ್ನು ಮೇಜಿನ ಮೇಲಿಟ್ಟು ಕೈ ತೊಳೆಯಲು ಹೋದ. ಆ ಏಳೂ ಈಗ ಒಂದು ಲಕೋಟೆಯಲ್ಲಿ ನನ್ನ ಹತ್ತಿರ ಇವೆ.

ಆಮೇಲಿನ ಭಾನುವಾರ ಇಬ್ಬರೂ ಆ ವ್ಯಾಪಾರಿಯ ಅಂಗಡಿ ಹುಡುಕಿಕೊಂಡು ಹೋದೆವು. ಹುಡುಗ ಹೊರಗೆ ನಿಂತ. ನಾನು ಒಳಗೆ ಹೋಗಿ, ಹೋಲ್ಡರಿನಿಂದ ತೆಗೆದಿದ್ದ ಆ ನಾಣ್ಯವನ್ನು ಕೊಟ್ಟು, ಇದನ್ನು ಮಾರಬೇಕು, ಏನು ಕೊಡುತ್ತೀರಿ ಅಂತ ಕೇಳಿದೆ. ಅವರು ಲೆನ್ಸ್ ಕೂಡ ತೆಗೆಯಲಿಲ್ಲ. "ಇದಕ್ಕೆ ಗಿರಾಕಿ ಇಲ್ಲ. ಬೇಕಾದರೆ ಇಪ್ಪತ್ತು ರೂಪಾಯಿ ಕೊಡುತ್ತೇನೆ" ಅಂದರು. ಆಗ ನಾನು ಹುಡುಗನನ್ನು ಒಳಗೆ ಕರೆದೆ, ಕೆಂಪು ಪೆನ್ನಿನಲ್ಲಿ ಬರೆದ ರಟ್ಟನ್ನು ಮೇಜಿನ ಮೇಲೆ ಇಟ್ಟೆ. ಬಿಲ್ಲು ಇದೆಯಾ ಅಂತ ಕೇಳಿದರು. ಬಿಲ್ಲು ಅವರೇ ಕೊಟ್ಟಿರಲಿಲ್ಲ. ಹಾಗಾದರೆ ನಾನೇನೂ ಮಾಡಲು ಆಗುವುದಿಲ್ಲ, ಹವ್ಯಾಸದಲ್ಲಿ ಇದೆಲ್ಲ ಇರುತ್ತದೆ, ನೋಡಿ ತಗೊಳ್ಳಬೇಕಿತ್ತು ಅಂದರು.

ಹದಿನಾಲ್ಕು ಸಾವಿರ ಸಂಬಳದ ಹುಡುಗ, ಊರಿಗೆ ತಿಂಗಳಿಗೆ ಎಂಟು ಸಾವಿರ ಕಳಿಸುವವನು. ಅವನು ನೋಡಿಯೇ ತಗೊಂಡದ್ದು. ನೀವು ಹೇಳಿದ್ದನ್ನು ನಂಬಿ ತಗೊಂಡದ್ದು.

ಒಬ್ಬರ ಅಂಗಡಿಯ ಮಾತು ಮಾತ್ರ ಆಗಿದ್ದರೆ ನಾನು ಬಹಿರಂಗ ಪತ್ರ ಬರೆಯುತ್ತಿರಲಿಲ್ಲ. ಈಗ ಮೂರು ನಾಲ್ಕು ವರ್ಷದಿಂದ ಎಲ್ಲ ಕಡೆ ಇದೇ ನೋಡುತ್ತಿದ್ದೇನೆ. ಕೋಲ್ಕತ್ತಾದ ನಾಣ್ಯಕ್ಕೆ ಗುರುತು ಇರುವುದಿಲ್ಲ ಅನ್ನುವುದು ಈ ಹವ್ಯಾಸದ ಮೊದಲ ಪಾಠ. ಅದನ್ನೇ 'ಮಿಂಟ್ ಮಾರ್ಕ್ ಇಲ್ಲದ ಎರರ್ ನಾಣ್ಯ' ಅಂತ ಎಂಟುನೂರಕ್ಕೆ ಮಾರಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಅಚ್ಚಿನಲ್ಲಿ ಗ್ರೀಸು, ಧೂಳು ತುಂಬಿಕೊಂಡರೆ ಒಂದು ಅಕ್ಷರವೋ ಇಸವಿಯ ಒಂದು ಅಂಕಿಯೋ ಮಸುಕಾಗುತ್ತದೆ, ಅದು 'ಅಕ್ಷರ ಬಿಟ್ಟುಹೋದ ಅಪರೂಪದ ನಾಣ್ಯ' ಆಗುತ್ತದೆ. ಅಚ್ಚು ಹಳೆಯದಾಗಿ ಬಿರುಕು ಬಿಟ್ಟರೆ ನಾಣ್ಯದ ಮೇಲೆ ಉಬ್ಬಿದ ಗೆರೆ ಬರುತ್ತದೆ, ಅದು ಸಿಂಹದ ತಲೆಯ ಮೇಲೆ ಬಂದರೆ ಒಂದು ಹೆಸರು, ಕೆಳಗೆ ಬಂದರೆ ಇನ್ನೊಂದು ಹೆಸರು. ಒಂದು ಅಚ್ಚು ಲಕ್ಷಗಟ್ಟಲೆ ನಾಣ್ಯ ಹೊಡೆಯುತ್ತದೆ, ಹೊಡೆಯುತ್ತಾ ಹೊಡೆಯುತ್ತಾ ಸವೆಯುತ್ತದೆ, ಸೀಳುತ್ತದೆ, ಅದನ್ನು ಉಜ್ಜಿ ಪಾಲಿಶ್ ಮಾಡಿದರೆ ಸಣ್ಣ ಗೆರೆಗಳು ಅಳಿಸಿಹೋಗುತ್ತವೆ. ಲೆನ್ಸ್ ಹಿಡಿದು ನೋಡಿದರೆ ಎರಡು ನಾಣ್ಯ ಒಂದೇ ಥರ ಇರುವುದೇ ಅಪರೂಪ. ಹಾಗಂತ ಪ್ರತಿ ನಾಣ್ಯವೂ ಬೆಲೆ ಬಾಳುತ್ತದಾ?

'ಇಂಥದ್ದು ಇದೊಂದೇ ಇದೆ' ಅನ್ನುತ್ತೀರಿ. ಇರಬಹುದು. ಆದರೆ ಅಪರೂಪ ಆದ ಕೂಡಲೇ ಬೆಲೆ ಬರುವುದಿಲ್ಲ, ಅದನ್ನು ಹುಡುಕುತ್ತಾ ಇರುವವರೂ ಬೇಕು. ಸೂಜಿಮೊನೆಯಷ್ಟು ಬಿರುಕನ್ನು ಹುಡುಕುತ್ತಾ ಇರುವವರು ಎಷ್ಟು ಜನ? ನನಗೆ ತಿಳಿದ ಮಟ್ಟಿಗೆ ಅದನ್ನು ಹುಡುಕುವವರೂ ಮಾರುವವರೇ. ಒಬ್ಬರು ಒಂದು ವ್ಯತ್ಯಾಸಕ್ಕೆ ಹೆಸರಿಡುತ್ತಾರೆ, ತಮ್ಮದೇ ಪಟ್ಟಿಯಲ್ಲಿ ಅದಕ್ಕೆ ಒಂದು ಬೆಲೆ ಹಾಕುತ್ತಾರೆ, ಇನ್ನೊಬ್ಬರು ಆ ಪಟ್ಟಿಯ ಫೋಟೊ ತೋರಿಸಿ ಅದಕ್ಕಿಂತ ನೂರು ರೂಪಾಯಿ ಕಮ್ಮಿಗೆ ಕೊಡುತ್ತೇನೆ ಅನ್ನುತ್ತಾರೆ. ಕೇಳಿದ ಬೆಲೆಯನ್ನೇ ಬೆಲೆ ಅಂತ ತೋರಿಸುತ್ತೀರಿ. ಯಾರು ನಿಜವಾಗಿ ಎಷ್ಟು ಕೊಟ್ಟು ತಗೊಂಡರು ಅನ್ನುವುದನ್ನು ತೋರಿಸುವುದೇ ಇಲ್ಲ.

ಇನ್ನೊಂದು ವಿಷಯ ಗಲ್ಲಾದಲ್ಲಿ ಕೂತವನಿಗೆ ಮಾತ್ರ ಗೊತ್ತಾಗುವಂಥದ್ದು. ಮುಂಬಯಿಯಲ್ಲಿ ನಮಗೆ ವಜ್ರದ ಗುರುತಿನದೇ ಜಾಸ್ತಿ ಸಿಗುತ್ತದೆ. ಕೆಲವು ವರ್ಷದ ಬೇರೆ ಟಂಕಸಾಲೆಯ ನಾಣ್ಯ ತಿಂಗಳಾದರೂ ಒಂದು ಕಾಣುವುದಿಲ್ಲ. ಅದನ್ನೇ ನೀವು ಇಲ್ಲಿ 'ಸಿಗುವುದೇ ಇಲ್ಲ' ಅಂತ ಮಾರುತ್ತೀರಿ. ನಮ್ಮ ಹೋಟೆಲಿನ ಅಡಿಗೆಯವರ ತಮ್ಮ ಕೋಲ್ಕತ್ತಾದಲ್ಲಿದ್ದಾನೆ. ಹಾಗೆ ಇಲ್ಲಿ ಸಿಗದ ಮೂರು ವರ್ಷದ ನಾಣ್ಯದ ಹೆಸರು ಹೇಳಿ ಕಳಿಸಿದೆ, ಊರಿಗೆ ಹೋಗುವ ದಾರಿಯಲ್ಲಿ ಬಂದಾಗ ಒಂದು ಮುಷ್ಟಿ ತಂದು ಕೊಟ್ಟ. ಇಲ್ಲಿ ಕಮ್ಮಿ ಅಂದರೆ ಎಲ್ಲ ಕಡೆ ಕಮ್ಮಿ ಅಂತ ಅರ್ಥ ಅಲ್ಲ, ಅಲ್ವಾ?

1985ರ ಒಂದು ರೂಪಾಯಿಯ ಮಾತು ಎತ್ತದೆ ಇರಲು ಆಗುವುದಿಲ್ಲ. ಇಸವಿಯ ಕೆಳಗೆ ಇಂಗ್ಲಿಷಿನ 'ಎಚ್' ಅಕ್ಷರ ಇರುವ ನಾಣ್ಯ. ಅದು ಇದ್ದರೆ ಎರಡೂವರೆ ಲಕ್ಷ ಅಂತ ಎಷ್ಟು ವಿಡಿಯೊ ಬಂದವು! ಆ ಕಾಲ ನನಗೆ ಚೆನ್ನಾಗಿ ನೆನಪಿದೆ. ಚಿಲ್ಲರೆಗೆ ಎಷ್ಟು ಅಭಾವ ಅಂದರೆ ನಮ್ಮ ಯಜಮಾನರು ಹೋಟೆಲಿನ ಮೊಹರು ಹೊಡೆದ ಚೀಟಿಯನ್ನೇ ಚಿಲ್ಲರೆಯ ಬದಲು ಕೊಡುತ್ತಿದ್ದರು, ಗಿರಾಕಿಗಳು ಮರುದಿನ ಅದೇ ಚೀಟಿ ಕೊಟ್ಟು ಚಹಾ ಕುಡಿಯುತ್ತಿದ್ದರು. ನಮ್ಮ ಟಂಕಸಾಲೆಗಳಿಗೆ ಸಾಕಾಗದೆ ಸರ್ಕಾರ ಹೊರದೇಶದಲ್ಲಿ ನಾಣ್ಯ ಮಾಡಿಸಿ ತರಿಸಿತು. 'ಎಚ್' ಅಂದರೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಹೀಟನ್ ಟಂಕಸಾಲೆಯ ಗುರುತು. ಚಿಲ್ಲರೆ ಅಭಾವ ನೀಗಿಸುವುದಕ್ಕೇ ತರಿಸಿದ ನಾಣ್ಯ ಅದು. ಅಭಾವ ನೀಗಬೇಕಾದರೆ ರಾಶಿ ರಾಶಿ ಬರಬೇಕಲ್ಲ? ಬಂತು. ಆ ನಾಣ್ಯ ಕೊಟ್ಟು ಜನ ನಮ್ಮಲ್ಲಿ ಇಡ್ಲಿ ತಿಂದರು. ಅದಕ್ಕೆ ಒಂದು ಚಂದದ ಕತೆ ಇದೆ, ಪ್ರತಿ ಸಂಗ್ರಹದಲ್ಲೂ ಒಂದು ಇರಲಿ ಅಂತ ನಾನೇ ಹೇಳುತ್ತೇನೆ. ಲಕ್ಷದ ಮಾತು ಮಾತ್ರ ಸುಳ್ಳು.

ಹತ್ತು ರೂಪಾಯಿಯದೂ ಹಾಗೆಯೇ. ಹತ್ತು ಗೆರೆಯದು, ಹದಿನೈದು ಗೆರೆಯದು, ರೂಪಾಯಿ ಚಿಹ್ನೆ ಇರುವುದು, ಇಲ್ಲದ್ದು. ಒಂದು ಕಾಲಕ್ಕೆ ಇದರಲ್ಲಿ ಒಂದು ನಕಲಿ ಅಂತ ಸುದ್ದಿ ಹಬ್ಬಿ ಗಿರಾಕಿಗಳು ನನ್ನ ಜೊತೆ ಜಗಳಕ್ಕೆ ಬಂದಿದ್ದರು. 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕೇ ಹದಿನಾಲ್ಕು ವಿನ್ಯಾಸದ ಹತ್ತು ರೂಪಾಯಿ ನಾಣ್ಯ ಇವೆ, ಎಲ್ಲವೂ ಚಲಾವಣೆಗೆ ಯೋಗ್ಯ ಅಂತ ಹೇಳಿತು. ಅಂದು ನಕಲಿ ಅಂತ ಜನ ಬೇಡ ಅಂದ ಅದೇ ನಾಣ್ಯವನ್ನು ಇಂದು ಅಪರೂಪ ಅಂತ ನೀವು ಹೋಲ್ಡರಿನಲ್ಲಿ ಹಾಕಿ ಮಾರುತ್ತಿದ್ದೀರಿ.

ವ್ಯತ್ಯಾಸ ಹುಡುಕುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ದಯವಿಟ್ಟು ಹಾಗೆ ತಿಳಿಯಬೇಡಿ. ಈ ಹವ್ಯಾಸದಲ್ಲಿ ನನಗೆ ಅತಿ ಇಷ್ಟವಾದದ್ದೇ ಅದು. ನನ್ನ ಹತ್ತಿರ ವಿಕ್ಟೋರಿಯಾ ರಾಣಿಯ 1862ರ ಒಂದು ಬೆಳ್ಳಿ ರೂಪಾಯಿ ಇದೆ. 1862 ಅಂತ ಇದ್ದ ಮಾತ್ರಕ್ಕೆ ಅದು ಆ ವರ್ಷವೇ ಹೊಡೆದದ್ದು ಅಂತ ಅಲ್ಲ. ಹತ್ತಕ್ಕೂ ಜಾಸ್ತಿ ವರ್ಷ ಅದೇ ಇಸವಿಯನ್ನು ಮುಂದುವರಿಸಿದರು, 1874ರಿಂದ ವರ್ಷ ಬದಲಿಸಿ ಹಾಕತೊಡಗಿದರು. ನಡುವಿನ ವರ್ಷಗಳಲ್ಲಿ ನಮ್ಮ ಮುಂಬಯಿ ಟಂಕಸಾಲೆಯವರು ಇಸವಿಯ ಹತ್ತಿರ ಸಣ್ಣ ಸಣ್ಣ ಚುಕ್ಕಿ ಹಾಕಿ, ನಾಣ್ಯ ಯಾವ ವರ್ಷದ್ದು ಅಂತ ಗುರುತು ಇಟ್ಟರು. ಆ ಚುಕ್ಕಿಗಳನ್ನು ಎಣಿಸಿ, ರಾಣಿಯ ಮುಖದ ಅಚ್ಚು ಯಾವುದು, ಹಿಂಬದಿಯ ಹೂಬಳ್ಳಿ ಯಾವುದು ಅಂತ ಹೊಂದಿಸಿ ನೋಡುವುದರಲ್ಲೇ ಜೀವಮಾನ ಕಳೆದವರು ಇದ್ದಾರೆ. ಮಳೆಗಾಲದ ಒಂದು ರಾತ್ರಿ, ರೈಲು ನಿಂತು ಹೋಟೆಲಿನಲ್ಲೇ ಉಳಿದಾಗ, ಆ ಚುಕ್ಕಿಗಳು ಮೊದಲ ಸಲ ನನ್ನ ಕಣ್ಣಿಗೆ ಸರಿಯಾಗಿ ಕಂಡವು. ಅಲ್ಲಿಂದ ಒಂದಿಷ್ಟು ಮೈಲಿ ದೂರದ ಫೋರ್ಟಿನಲ್ಲಿ, ನೂರೈವತ್ತು ವರ್ಷದ ಹಿಂದೆ ಯಾರೋ ಒಬ್ಬ ಕೆಲಸಗಾರ ಬೇಕು ಅಂತಲೇ ಹಾಕಿದ ಚುಕ್ಕಿ. ಸಡಿಲ ಅಚ್ಚು ಅಲುಗಿ ಆದ ಗೆರೆಗೂ ಇದಕ್ಕೂ ಇರುವ ವ್ಯತ್ಯಾಸ ಇದು. ಒಂದು ನಮಗೆ ಏನನ್ನೋ ತಿಳಿಸುತ್ತದೆ, ಇನ್ನೊಂದು ಏನೂ ತಿಳಿಸುವುದಿಲ್ಲ.

1911ರ ಐದನೇ ಜಾರ್ಜ್ ರೂಪಾಯಿಯೂ ಹಾಗೆ. ದೊರೆಯ ನಿಲುವಂಗಿಯ ಮೇಲಿನ ಆನೆಯ ಸೊಂಡಿಲು ಗಿಡ್ಡವಾಗಿ ಹಂದಿಯ ಹಾಗೆ ಕಾಣುತ್ತದೆ ಅಂತ ಜನ ಬೇಸರಪಟ್ಟರು, ಸರ್ಕಾರ ಆ ನಾಣ್ಯವನ್ನು ನಿಲ್ಲಿಸಿ 1912ರಲ್ಲಿ ಆನೆಯನ್ನು ತಿದ್ದಿ ಹೊಡೆಯಿತು. 1939ರ ಆರನೇ ಜಾರ್ಜ್ ರೂಪಾಯಿ ಇದೆ. ಮರುವರ್ಷ ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು, ಆ ಹಳೇ ರೂಪಾಯಿ ಉಳಿದದ್ದೇ ಕಮ್ಮಿ. ಇವು ಯಾಕೆ ಬೆಲೆ ಬಾಳುತ್ತವೆ ಅಂತ ಕೇಳಿದರೆ ಎರಡು ವಾಕ್ಯದಲ್ಲಿ ಕಾರಣ ಹೇಳಬಹುದು. ನಿಮ್ಮ ಎರಡು ರೂಪಾಯಿಗೆ ಆ ಎರಡು ವಾಕ್ಯ ಎಲ್ಲಿವೆ?

ಡೊಂಬಿವಲಿಯಲ್ಲಿ ನಮ್ಮ ಬಿಲ್ಡಿಂಗಿನಲ್ಲಿ ಒಬ್ಬ ಅಕ್ಕ ಇದ್ದಾರೆ. ಗಂಡ ತೀರಿಕೊಂಡು ನಾಲ್ಕು ವರ್ಷ. ಮನೆಯಲ್ಲೇ ಚಕ್ಕುಲಿ, ಕೋಡುಬಳೆ ಮಾಡಿ ಕೊಡುತ್ತಾರೆ. ಅವರ ದೇವರ ಕೋಣೆಯಲ್ಲಿ ವೈಷ್ಣೋದೇವಿಯ ಚಿತ್ರ ಇರುವ 2012ರ ಐದು ರೂಪಾಯಿ ಇತ್ತು. ಅದಕ್ಕೆ ಹತ್ತು ಲಕ್ಷ ಅಂತ ಒಂದು ಕನ್ನಡ ವಿಡಿಯೊ ನೋಡಿದರು. ಅದರಲ್ಲಿದ್ದ ನಂಬರಿಗೆ ಫೋನ್ ಮಾಡಿದರು. ಕೊಳ್ಳುವವರು ರೆಡಿ ಇದ್ದಾರೆ, ಮೊದಲು ರಿಜಿಸ್ಟ್ರೇಶನ್ ಅಂತ 2,100 ಕಟ್ಟಿ ಅಂದರು, ಕಟ್ಟಿದರು. ಆಮೇಲೆ ರಿಸರ್ವ್ ಬ್ಯಾಂಕಿನ ಟ್ಯಾಕ್ಸ್ ಅಂತ 8,500 ಕೇಳಿದರು, ಆಗ ನನ್ನ ಹತ್ತಿರ ಬಂದರು. ಇಂಥ ಮೋಸದ ಬಗ್ಗೆ ರಿಸರ್ವ್ ಬ್ಯಾಂಕು 2021ರ ಆಗಸ್ಟ್‌ನಲ್ಲೇ ಎಚ್ಚರಿಕೆ ಕೊಟ್ಟಿದೆ. ಹಳೇ ನೋಟು, ನಾಣ್ಯದ ವ್ಯವಹಾರದಲ್ಲಿ ತಾನು ಇಲ್ಲ, ಯಾವ ಶುಲ್ಕವನ್ನೂ ಕಮಿಷನ್ನನ್ನೂ ಕೇಳುವುದಿಲ್ಲ ಅಂತ ಸ್ಪಷ್ಟ ಹೇಳಿದೆ. ಅಕ್ಕನಿಗೆ ತೋರಿಸಿದೆ. ಎರಡು ಸಾವಿರದ ನೂರು ಅಂದರೆ ಎಷ್ಟು ಕಿಲೊ ಚಕ್ಕುಲಿ ಅಂತ ಅವರೇ ಬೆರಳು ಮಡಿಸಿ ಲೆಕ್ಕ ಹಾಕಿದರು.

ಆ ಮೋಸಗಾರರು ನಾವಲ್ಲ ಅಂತ ನೀವು ಹೇಳುತ್ತೀರಿ. ಒಪ್ಪುತ್ತೇನೆ. ಆದರೆ ಸಾಮಾನ್ಯ ನಾಣ್ಯಕ್ಕೆ ಲಕ್ಷ ಬರುತ್ತದೆ ಅನ್ನುವ ನಂಬಿಕೆಯನ್ನು ಜನರ ತಲೆಯಲ್ಲಿ ತುಂಬಿದವರು ಯಾರು? 'ಈ ನಾಣ್ಯ ನಿಮ್ಮ ಮನೆಯಲ್ಲಿ ಇದೆಯಾ' ಅಂತ ವಿಡಿಯೊ ಮಾಡಿದವರಲ್ಲಿ ಒಳ್ಳೆ ಹೆಸರಿನ ವ್ಯಾಪಾರಿಗಳೂ ಇದ್ದಾರೆ. ನೀವು ಹದ ಮಾಡಿಟ್ಟ ಗದ್ದೆಯಲ್ಲಿ ಅವರು ಬಿತ್ತಿದರು.

ಇದರಿಂದ ನಿಮಗೂ ನಷ್ಟ. ನಮ್ಮ ಹುಡುಗ ಈಗ ನಾಣ್ಯ ಅಂದರೆ ಮುಖ ತಿರುಗಿಸುತ್ತಾನೆ. ಅವನಿಗೆ ಒಳ್ಳೆ ಕಣ್ಣಿತ್ತು, ಲೆನ್ಸ್ ಇಲ್ಲದೆಯೇ ನೊಯ್ಡಾದ ಚುಕ್ಕಿ ಹಿಡಿಯುತ್ತಿದ್ದ. ಅವನನ್ನು ಹತ್ತು ವರ್ಷ ಹವ್ಯಾಸದಲ್ಲಿ ಉಳಿಸಿಕೊಂಡಿದ್ದರೆ ನಾಲ್ಕೂವರೆ ಸಾವಿರಕ್ಕಿಂತ ಎಷ್ಟೋ ಜಾಸ್ತಿ ವ್ಯಾಪಾರ ನಿಮಗೇ ಆಗುತ್ತಿತ್ತು.

ಹಾಗಾಗಿ ನಾನು ಕೇಳಿಕೊಳ್ಳುವುದು ಇಷ್ಟು. ಹೋಲ್ಡರಿನ ಮೇಲೆ 'ಆರ್ ಆರ್ ಆರ್' ಬರೆಯುವ ಮೊದಲು ಆ ನಾಣ್ಯದಲ್ಲಿ ಏನಾಗಿದೆ ಅಂತ ಬರೆಯಿರಿ. ಮೆಷಿನ್ ಡಬ್ಲಿಂಗ್ ಆದರೆ ಮೆಷಿನ್ ಡಬ್ಲಿಂಗ್ ಅಂತ, ಗ್ರೀಸು ತುಂಬಿದ ಅಚ್ಚಾದರೆ ಹಾಗೆ, ಅಚ್ಚಿನ ಬಿರುಕಾದರೆ ಹಾಗೆ. ಅದನ್ನು ಐವತ್ತು ರೂಪಾಯಿಗೆ ಮಾರಿ, ಕಲಿಯುವ ಮಕ್ಕಳು ಸಂತೋಷದಿಂದ ತಗೊಳ್ಳುತ್ತಾರೆ, ನಾನೂ ತಗೊಳ್ಳುತ್ತೇನೆ. ಜಾಸ್ತಿ ಬೆಲೆ ಹೇಳುವುದಾದರೆ ಅಂಥದೇ ನಾಣ್ಯ ಯಾವ ಹರಾಜಿನಲ್ಲಿ, ಯಾವ ವರ್ಷ, ಎಷ್ಟಕ್ಕೆ ಹೋಗಿದೆ ಅಂತ ತೋರಿಸಿ. ತೋರಿಸಲು ಆಗದಿದ್ದರೆ 'ಮುಂದೆ ಬೆಲೆ ಬರುತ್ತದೆ' ಅನ್ನುವ ಮಾತನ್ನು ಬಾಯಲ್ಲಿ ತರಬೇಡಿ. ಐನೂರು ರೂಪಾಯಿಗೆ ಮೇಲಿನ ಯಾವ ನಾಣ್ಯಕ್ಕೂ ಬಿಲ್ಲು ಕೊಡಿ, ಹೋಲ್ಡರಿನ ಮೇಲೆ ಬರೆದದ್ದನ್ನೇ ಬಿಲ್ಲಿನಲ್ಲೂ ಬರೆಯಿರಿ, ಅದು ಸುಳ್ಳು ಅಂತ ಗೊತ್ತಾದರೆ ಒಂದು ತಿಂಗಳೊಳಗೆ ವಾಪಸ್ ತಗೊಳ್ಳುತ್ತೇವೆ ಅಂತ ಸೇರಿಸಿ. ಬಿಲ್ಲು ಕೊಡದೆ ಇರುವುದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಅನುಚಿತ ವ್ಯಾಪಾರ. ನಾವು ಹದಿನೈದು ರೂಪಾಯಿಯ ಚಹಾಕ್ಕೂ ಬಿಲ್ಲು ಕೊಡುತ್ತೇವೆ.

ಪ್ರದರ್ಶನ ನಡೆಸುವ ಸಂಘಗಳ ಪದಾಧಿಕಾರಿಗಳಲ್ಲಿ ಬೇರೆ ಒಂದು ಮಾತು. ನಿಮ್ಮಲ್ಲಿ ದೊಡ್ಡ ದೊಡ್ಡ ತಿಳಿದವರು ಇದ್ದಾರೆ, ಅವರ ಮೇಲೆ ನನಗೆ ತುಂಬ ಗೌರವ. ಸ್ಟಾಲಿಗೆ ಜಾಗ ಕೊಡುವಾಗಲೇ ಈ ಷರತ್ತು ಹಾಕಿ. ಬಾಗಿಲ ಹತ್ತಿರ ಒಂದು ಮೇಜು, ಎರಡು ಕುರ್ಚಿ, ಒಂದು ಒಳ್ಳೆ ಲೆನ್ಸ್, ಒಬ್ಬ ಅನುಭವಿ ಸಂಗ್ರಾಹಕ, ಇಷ್ಟು ಇಡಿ. ಕೊಳ್ಳುವ ಮೊದಲೋ ಕೊಂಡ ಮೇಲೋ ಯಾರು ಬೇಕಾದರೂ ಬಂದು ತೋರಿಸಿ ಕೇಳುವ ಹಾಗಿರಲಿ. ಕನ್ನಡ, ಮರಾಠಿ, ಹಿಂದಿ ಬರುವವರು ಕೂತರೆ ಇನ್ನೂ ಒಳ್ಳೆಯದು, ಇಂಗ್ಲಿಷ್ ಕ್ಯಾಟಲಾಗ್ ಓದಲು ಬಾರದವರೇ ಇದರಲ್ಲಿ ಜಾಸ್ತಿ ಬೀಳುವುದು. ಕೂರುವವರು ಸಿಗದಿದ್ದರೆ ನನ್ನನ್ನು ಕರೆಯಿರಿ. ಯಜಮಾನರ ಹತ್ತಿರ ಮೂರು ದಿನ ರಜೆ ಕೇಳಿ ಬರುತ್ತೇನೆ.

ಕನ್ನಡದಲ್ಲಿ ವಿಡಿಯೊ ಮಾಡುವ ತಮ್ಮಂದಿರೇ, ನಿಮ್ಮ ಮಾತು ಊರಿನಲ್ಲಿ ನನ್ನ ಅಮ್ಮ ಕೂಡ ಕೇಳುತ್ತಾರೆ. ಲಕ್ಷದ ವಿಡಿಯೊಗಳನ್ನು ತೆಗೆದುಹಾಕಿ. ಅದರ ಬದಲು 1957ರ ಏಪ್ರಿಲ್ ಒಂದರಂದು ನಯಾಪೈಸೆ ಬಂದಾಗ ಸಂತೆಯಲ್ಲಿ ಜನ ಆಣೆಯ ಲೆಕ್ಕ ಹೇಗೆ ಮಾಡಿದರು ಅಂತ ನಿಮ್ಮ ಅಜ್ಜಂದಿರನ್ನು ಕೂರಿಸಿ ಕೇಳಿ. 1943ರಲ್ಲಿ ಯುದ್ಧದ ಕಾಲಕ್ಕೆ ಬಂದ ತೂತಿನ ಕಾಸನ್ನು ಕೈಯಲ್ಲಿ ಹಿಡಿದು ಅದರ ಕತೆ ಹೇಳಿ. ನಾನು ಮೊದಲು ನೋಡುತ್ತೇನೆ, ನಾಲ್ಕು ಜನಕ್ಕೆ ಕಳಿಸುತ್ತೇನೆ.

ಕಡೆಯದಾಗಿ ಆ ಅಂಗಡಿಯವರಿಗೆ. ನಿಮ್ಮ ನಾಣ್ಯ ನನ್ನ ಗಲ್ಲಾದಲ್ಲಿ ಇದೆ, ನಿಮ್ಮ ಕೆಂಪು ಪೆನ್ನಿನ ರಟ್ಟೂ ಇದೆ, ಅದರ ಜೊತೆಗೆ ಆ ಏಳು ನಾಣ್ಯದ ಲಕೋಟೆಯೂ ಇದೆ. ಮಧ್ಯಾಹ್ನ ಮೂರೂವರೆಯಿಂದ ನಾಲ್ಕೂವರೆವರೆಗೆ ನಮ್ಮಲ್ಲಿ ಗಿರಾಕಿ ಕಮ್ಮಿ. ನಿಮ್ಮ ಲೆನ್ಸ್ ತಗೊಂಡು ಬನ್ನಿ, ಎಂಟನ್ನೂ ಸಾಲಾಗಿ ಇಟ್ಟು ಇಬ್ಬರೂ ಕೂತು ನೋಡೋಣ. ನಿಮ್ಮದು ಬೇರೆ ಅಂತ ನೀವು ತೋರಿಸಿಕೊಟ್ಟರೆ ಈ ಪತ್ರವನ್ನು ಇಷ್ಟೇ ಬಹಿರಂಗವಾಗಿ ವಾಪಸ್ ತಗೊಳ್ಳುತ್ತೇನೆ. ಇಲ್ಲದಿದ್ದರೆ ನಾಲ್ಕೂವರೆ ಸಾವಿರವನ್ನು ನನ್ನ ಕೈಗೆ ಕೊಡಬೇಡಿ. ಹುಡುಗ ಅಲ್ಲೇ ಟೇಬಲ್ ನೋಡಿಕೊಂಡು ಇರುತ್ತಾನೆ, ಅವನನ್ನು ಕರೆದು ಅವನ ಕೈಗೇ ಕೊಡಿ.

ಇತಿ ನಿಮ್ಮವನು,
ಮಾಟುಂಗಾದ ಒಬ್ಬ ಗಲ್ಲಾದವನು